ಹತ್ತೊಂಬತ್ತನೆಯ ಓಟಗಾರ ಸಿಕ್ಕ ಕತೆ

ಬೆಂಗಳೂರಿನ ಕುಮಾರ ಪಾರ್ಕ್, ಶೇಷಾದ್ರಿಪುರದ ಕಡೆಯಿಂದ ನಸುಕಿನಲ್ಲೇ ಎದ್ದು ಕಬ್ಬನ್ ಪಾರ್ಕಿಗೆ ಓಡಲು ಹೋಗುವವರು ಈಗ ಸಾಕಷ್ಟು ಮಂದಿ. ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: ಪೇಸ್. ಕಿಲೋಮೀಟರಿಗೆ ಆರು ನಿಮಿಷ ಎಂದರೆ ಪರವಾಗಿಲ್ಲ, ಐದು ಎಂದರೆ ಭೇಷ್. ನಾಲ್ಕು ಎಂದರೆ ಜೊತೆಯವರು ಒಮ್ಮೆ ತಿರುಗಿ ನೋಡುತ್ತಾರೆ. ಆ ವೇಗದಲ್ಲಿ ಒಂದು ಕಿಲೋಮೀಟರ್ ಓಡಿ ಮಂಡಿ ಹಿಡಿದು ನಿಂತುಬಿಡುವವರೇ ಹೆಚ್ಚು. ಹಾಗಿರುವಾಗ ನಲವತ್ತೆರಡೂಮುಕ್ಕಾಲು ಕಿಲೋಮೀಟರನ್ನು, ಸರಾಸರಿ ನಾಲ್ಕು ನಿಮಿಷ ಮೀರದಂತೆ, ನೂರು ವರ್ಷದ ಹಿಂದೆಯೇ ಓಡಿ ಮುಗಿಸಿದವರೊಬ್ಬರು ನಮ್ಮ ಬೆಳಗಾವಿಯವರು. ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ. ದಿನ 1920ರ ಆಗಸ್ಟ್ 22, ಊರು ಬೆಲ್ಜಿಯಂನ ಆಂಟ್ವರ್ಪ್, ಸಂದರ್ಭ ಒಲಿಂಪಿಕ್ ಮ್ಯಾರಥಾನ್. 48 ಮಂದಿ ಹೊರಟಿದ್ದರು, 35 ಮಂದಿ ಮುಗಿಸಿದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಬಂದರು.

ಹತ್ತೊಂಬತ್ತನೆಯ ಸ್ಥಾನಕ್ಕೆ ಯಾರೂ ಹಾರ ಹಾಕುವುದಿಲ್ಲ, ಸರಿ. ಆದರೆ ಈ ಅಂಕಿ ನಮ್ಮ ಕೈಗೆ ಸಿಕ್ಕ ದಾರಿ ಮಾತ್ರ ಕೇಳುವಂತಿದೆ. ಆಂಟ್ವರ್ಪ್ ಕೂಟ ನಡೆದದ್ದು ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ತುಂಬದ ಹೊತ್ತಿನಲ್ಲಿ. ಆತಿಥ್ಯ ಆ ಊರಿಗೆ ಸಿಕ್ಕಿದ್ದು 1919ರಲ್ಲಿ, ತಯಾರಿಗೆ ಇದ್ದದ್ದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಸಮಯ. ಕ್ರೀಡಾಪಟುಗಳನ್ನು ಶಾಲೆಗಳ ಕೋಣೆಗಳಲ್ಲಿ ಮಲಗಿಸಿದರು. ಐದು ಬಳೆಯ ಒಲಿಂಪಿಕ್ ಬಾವುಟ ಕೂಟವೊಂದರಲ್ಲಿ ಮೊದಲ ಸಲ ಹಾರಿದ್ದು, ಆಟಗಾರರ ಪ್ರತಿಜ್ಞೆ ಮೊದಲ ಸಲ ಕೇಳಿಸಿದ್ದು ಅಲ್ಲಿಯೇ. ಎಲ್ಲ ಮುಗಿದ ಮೇಲೆ ನೋಡಿದರೆ ಸಂಘಟಕರ ಗಲ್ಲಾಪೆಟ್ಟಿಗೆ ಖಾಲಿ. ಉಳಿದ ಕೂಟಗಳಿಗೆ ಬಂದಂಥ ದಪ್ಪ ಅಧಿಕೃತ ವರದಿ ಇದಕ್ಕೆ ಬರಲೇ ಇಲ್ಲ. ಬಹಳ ವರ್ಷಗಳ ನಂತರ ಟೈಪ್ ಮಾಡಿದ ಒಂದು ವರದಿ ಇದೆ, ಅದರಲ್ಲಿ ಫಲಿತಾಂಶಗಳು ಅರೆಬರೆ. ಅಮೆರಿಕದ ಬಿಲ್ ಮ್ಯಾಲನ್, ನೆದರ್ಲೆಂಡ್ಸಿನ ಆಂಥನಿ ಬೈಕರ್ಕ್ ಅವರಂಥ ಒಲಿಂಪಿಕ್ ಇತಿಹಾಸಕಾರರು ಆ ಕಾಲದ ಪತ್ರಿಕೆಗಳನ್ನು ಜಾಲಾಡಿ, ಒಂದೊಂದು ಸ್ಪರ್ಧೆಯ ಪಟ್ಟಿಯನ್ನೂ ಹೊಸದಾಗಿ ಕೂಡಿಸಿದರು. ಚೌಗುಲೆಯವರ ಹೆಸರು ಬೇರೆ ಬೇರೆ ಕಡೆ ಬೇರೆ ಬೇರೆ ಕಾಗುಣಿತದಲ್ಲಿದೆ. ಯುರೋಪಿನ ಗುಮಾಸ್ತನಿಗೆ ಫಡೆಪ್ಪ, ದಾರೆಪ್ಪ ಎರಡೂ ನಾಲಿಗೆಗೆ ಹೊರಳದ ಹೆಸರುಗಳೇ ಇದ್ದಿರಬೇಕು.

ಇದು ಅಂಕಿ ಸಿಕ್ಕ ಬಗೆ. ಓಟಗಾರ ಸಿಕ್ಕ ಬಗೆ ಇದಕ್ಕಿಂತ ಸೊಗಸಾಗಿದೆ, ಅದರ ಒಂದು ಎಳೆ ಬೆಂಗಳೂರಿನಲ್ಲೇ ಇದೆ.

ಕುಮಾರ ಪಾರ್ಕಿಗೆ ಅಂಟಿಕೊಂಡಿರುವ ಕುಮಾರ ಕೃಪಾ ಒಂದು ಕಾಲಕ್ಕೆ ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಮನೆ. ಅವರು ದಿವಾನರಾಗಿದ್ದದ್ದು 1883ರಿಂದ 1901ರವರೆಗೆ. ಆ ಅವಧಿಯಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಹೊರ್ಮಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರು; ಮುಂದೆ ಅಣುವಿಜ್ಞಾನಿಯಾಗಿ ಹೆಸರಾದ ಹೋಮಿ ಭಾಭಾ ಅವರ ತಾತ. ಮುಂಬೈಯ ಜಮ್‌ಶೇಟ್‌ಜಿ ಟಾಟಾ ಅವರಿಗೆ ಮೈಸೂರು ಸೀಮೆ ಹೊಸದಲ್ಲ. ಬಸವನಗುಡಿಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಅವರ ರೇಷ್ಮೆ ಪ್ರಯೋಗವನ್ನೇ ನೆನಪಿಸುತ್ತದೆ. ಅವರ ಹಿರಿಯ ಮಗ ದೊರಾಬ್‌ಜಿ ತಂದೆಯ ಮಾತಿನಂತೆ ಭಾಭಾ ಅವರ ಮನೆಗೆ ಹೋದರು, ಅವರ ಮಗಳು ಮೆಹೆರ್‌ಬಾಯಿಯನ್ನು ಕಂಡರು, 1898ರಲ್ಲಿ ಮದುವೆಯಾದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ್ದ ಈ ಹುಡುಗಿ ಟೆನಿಸ್‌ನಲ್ಲಿ ಗಟ್ಟಿಗಿತ್ತಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಪಟ್ಟಿಯಲ್ಲೂ ಅವರ ಹೆಸರಿತ್ತು. ದೊರಾಬ್‌ಜಿಯಂಥ ಆಟದ ಹುಚ್ಚಿನವರಿಗೆ ತಕ್ಕ ಜೋಡಿ.

ದೊರಾಬ್‌ಜಿಯವರ ಹುಚ್ಚು ಮೇಲ್ಮೇಲಿನದಲ್ಲ. ಕೇಂಬ್ರಿಜ್‌ನಲ್ಲಿ ಓದುವಾಗ ಕ್ರಿಕೆಟ್, ಫುಟ್‌ಬಾಲ್ ಎರಡರಲ್ಲೂ ಹೆಸರು ಮಾಡಿದ್ದರು. ಅಲ್ಲಿನ ಮೈದಾನಗಳಲ್ಲಿ ಗಡಿಯಾರ ಹಿಡಿದು ಓಟ ಅಳೆಯುವುದನ್ನು ನೋಡಿದ್ದರು, ಒಳ್ಳೆಯ ಓಟ ಎಂದರೆ ಎಷ್ಟು ನಿಮಿಷ ಎಂಬ ಅಂದಾಜು ತಲೆಯಲ್ಲಿತ್ತು. ಮುಂದಿನದಕ್ಕೆಲ್ಲ ಆ ಅಂದಾಜೇ ಮೂಲ.

1919. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟ. ಜಿಮ್ಖಾನಾದ ಅಧ್ಯಕ್ಷರಾಗಿ ದೊರಾಬ್‌ಜಿ ಅಲ್ಲಿದ್ದರು, ವಯಸ್ಸು ಅರವತ್ತರ ಹತ್ತಿರ. ದೂರದ ಓಟಕ್ಕೆ ನಿಂತವರು ಹೊಲಗದ್ದೆಯ ಹುಡುಗರು. ಕಾಲಲ್ಲಿ ಶೂ ಇಲ್ಲ, ಬೆನ್ನ ಹಿಂದೆ ಕೋಚ್ ಇಲ್ಲ, ಎಲ್ಲಿ ವೇಗ ಹೆಚ್ಚಿಸಬೇಕು ಎಲ್ಲಿ ಉಳಿಸಿಕೊಳ್ಳಬೇಕು ಎಂದು ಹೇಳಿಕೊಟ್ಟವರಿಲ್ಲ. ಸುತ್ತ ನಿಂತವರು ಎಂದಿನಂತೆ ಯಾರು ಮೊದಲು ಬಂದ, ಯಾರು ಎರಡನೆಯವ ಎಂದು ನೋಡಿ ಚಪ್ಪಾಳೆ ತಟ್ಟಿದರು. ದೊರಾಬ್‌ಜಿ ನೋಡಿದ್ದು ಸಮಯವನ್ನು. ಬರಿಗಾಲಲ್ಲಿ ಓಡಿದ ಈ ಹುಡುಗರ ಸಮಯ ಯುರೋಪಿನಲ್ಲಿ ತರಬೇತಾದ ಓಟಗಾರರ ಸಮಯದ ಹತ್ತಿರ ಹತ್ತಿರ ಬರುತ್ತಿದೆ ಎಂಬುದು ಅವರಿಗೆ ಹೊಳೆಯಿತು. ಇದನ್ನೆಲ್ಲ ಅವರೇ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಕೌಂಟ್ ಬಾಯೆ-ಲಾಟೂರ್ ಅವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಭಾರತದ ಒಲಿಂಪಿಕ್ ಇತಿಹಾಸ ಬರೆದ ಬೋರಿಯಾ ಮಜುಂದಾರ್ ಮತ್ತು ನಳಿನ್ ಮೆಹ್ತಾ ಆ ಪತ್ರವನ್ನು ಬಳಸಿಕೊಂಡಿದ್ದಾರೆ. ಮೂವರು ಓಟಗಾರರನ್ನು ತಮ್ಮ ಖರ್ಚಿನಲ್ಲೇ ಆಂಟ್ವರ್ಪ್‌ಗೆ ಕಳಿಸುತ್ತೇನೆ ಎಂದು ದೊರಾಬ್‌ಜಿ ಮುಂದಾದರು. ಪುಣೆಯ ರಾಷ್ಟ್ರೀಯವಾದಿಗಳ ಕಿವಿಗೆ ಅದು ಬಿದ್ದಿದ್ದೇ ತಡ, ಮೂವರೇಕೆ, ತಂಡವನ್ನೇ ಕಳಿಸೋಣ ಎಂದರು.

ಈ ಗಳಿಗೆಯನ್ನು ನಾನು ಆವಿಷ್ಕಾರ ಎಂದೇ ಕರೆಯುತ್ತೇನೆ. ಓಡುವವರು ಎಂದೂ ಇದ್ದರು. ನಮ್ಮ ಜಾತ್ರೆಗಳಲ್ಲಿ, ಗರಡಿಗಳಲ್ಲಿ, ಟಪಾಲು ಹೊತ್ತು ಊರಿಂದೂರಿಗೆ ಓಡುವ ಹರಕಾರರಲ್ಲಿ ಕಾಲಿಗೇನೂ ಬರವಿರಲಿಲ್ಲ. ಇಲ್ಲದಿದ್ದದ್ದು ಅವರ ಓಟವನ್ನು ಜಗತ್ತಿನ ಓಟದ ಪಕ್ಕದಲ್ಲಿಟ್ಟು ನೋಡುವ ಕಣ್ಣು.

ಆದರೆ ಭಾರತ ಆಗ ಯಾವ ದೇಶ? ಸ್ವತಂತ್ರವಲ್ಲ. ತನ್ನದೆನ್ನುವ ಬಾವುಟವಿಲ್ಲ. ಅಂಥದ್ದಕ್ಕೆ ಒಲಿಂಪಿಕ್ಸ್‌ನಲ್ಲಿ ಬೇರೆ ತಂಡ ಹೇಗೆ? ಕಾಲ ಸ್ವಲ್ಪ ಅನುಕೂಲವಾಗಿತ್ತು. ಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸೈನಿಕರನ್ನು ಬಳಸಿಕೊಂಡಿದ್ದ ಬ್ರಿಟನ್, 1919ರ ವರ್ಸಾಯ್ ಒಪ್ಪಂದಕ್ಕೆ ಭಾರತದ ಹೆಸರಲ್ಲೂ ಸಹಿ ಹಾಕಿಸಿತ್ತು. ಹಾಗೆ ಸಹಿ ಹಾಕಿದವರಲ್ಲಿ ಬಿಕಾನೇರಿನ ಮಹಾರಾಜ ಗಂಗಾ ಸಿಂಗ್ ಒಬ್ಬರು. ರಾಷ್ಟ್ರಗಳ ಒಕ್ಕೂಟದಲ್ಲೂ ಭಾರತಕ್ಕೆ ಕುರ್ಚಿ ಸಿಕ್ಕಿತ್ತು. ಕೂರಲು ಕುರ್ಚಿ ಕೊಟ್ಟವರು ಓಡಲು ದಾರಿ ಬಿಡಲಾರೆವು ಎನ್ನುವುದು ಕಷ್ಟ. ಮುಂಬೈ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಬೆಂಬಲಕ್ಕೆ ನಿಂತರು. 1920ರಲ್ಲಿ ಭಾರತ ಒಲಿಂಪಿಕ್ ಬಳಗ ಸೇರಿತು, ದೊರಾಬ್‌ಜಿ ಅಂತರರಾಷ್ಟ್ರೀಯ ಸಮಿತಿಯ ಸದಸ್ಯರಾದರು.

ತಂಡ ಎಂದರೆ ಆರೇ ಜನ: ನಾಲ್ವರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು. ಬಂಗಾಳದ ಪೂರ್ಮ ಬ್ಯಾನರ್ಜಿ ಬಾವುಟ ಹಿಡಿದರು, 100 ಮತ್ತು 400 ಮೀಟರ್ ಓಡಿದರು, ಬೇಗ ಹೊರಬಿದ್ದರು. ಕೊಲ್ಹಾಪುರದ ರಣಧೀರ್ ಶಿಂಧೆ ಕಂಚಿನ ಪದಕದ ಕುಸ್ತಿಯವರೆಗೂ ಹೋಗಿ ಅಲ್ಲಿ ಸೋತರು. ಮುಂದೆ ಕುಸ್ತಿಯಲ್ಲಿ ಕೆ.ಡಿ. ಜಾಧವ್ ಹೆಲ್ಸಿಂಕಿಯಲ್ಲಿ ಕಂಚು ಗೆದ್ದದ್ದು 1952ರಲ್ಲಿ. ಮ್ಯಾನೇಜರಾಗಿ ಜೊತೆಗೆ ಹೋದವರು ಸೊಹ್ರಾಬ್ ಭೂತ್. ಮ್ಯಾರಥಾನ್‌ಗೆ ಇಬ್ಬರು ಭಾರತೀಯರು ನಿಂತರು, ಚೌಗುಲೆ ಮತ್ತು ದಾತಾರ್. ದಾತಾರ್ ಓಟ ಪೂರ್ತಿ ಮಾಡಲಾಗಲಿಲ್ಲ. ಬೆಳಗಾವಿ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಚೌಗುಲೆಗೆ ಪುಣೆ ದೂರದ ಪರದೇಶವಲ್ಲ. ಜಿಮ್ಖಾನಾ ತೆರೆದ ಬಾಗಿಲಲ್ಲಿ ಬೆಳಗಾವಿಯವನೊಬ್ಬ ನುಗ್ಗಿದ್ದು ಹೀಗೆ. ಮೈಸೂರು ಸಂಸ್ಥಾನದ ಓಟಗಾರನಿಗೆ ಆ ಬಾಗಿಲು ಅಷ್ಟು ಹತ್ತಿರವಿರಲಿಲ್ಲ.

ಇನ್ನು ಆ ದಿನದ ಓಟ. ಬಿಸಿಲಿಲ್ಲ, ತಂಪು, ಸಣ್ಣ ಮಳೆ. ಮ್ಯಾರಥಾನ್ ದೂರ 42.195 ಕಿಲೋಮೀಟರ್ ಎಂದು ನಿಗದಿಯಾದದ್ದು ಮರುವರ್ಷ, 1921ರಲ್ಲಿ. ಅಲ್ಲಿಯವರೆಗೆ ಊರು ಹಾಕಿದ್ದೇ ಅಳತೆ. ಆಂಟ್ವರ್ಪ್ 42.75 ಕಿಲೋಮೀಟರ್ ಇಟ್ಟಿತು. ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ಉದ್ದದ ಮ್ಯಾರಥಾನ್ ಆಗಿಲ್ಲ. ದಕ್ಷಿಣ ಆಫ್ರಿಕದ ಗಿಟ್ಶಮ್ ಮೊದಲರ್ಧದಲ್ಲಿ ಮುಂದಿದ್ದ, ಆಮೇಲೆ ಕಾಲು ಕೈಕೊಟ್ಟು ಹಿಂದುಳಿದ. ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡ್. ಮೂರನೆಯವ ಇಟಲಿಯ ವಲೇರಿಯೊ ಅರ್ರಿ, ಗುರಿ ಮುಟ್ಟಿದ ಖುಷಿಗೆ ಅಲ್ಲೇ ಮೂರು ಲಾಗ ಹಾಕಿದ. ನಲವತ್ತು ಕಿಲೋಮೀಟರ್ ಓಡಿದ ಮೇಲೆ ಲಾಗ! ಇಟಲಿಯವರ ಉತ್ಸಾಹವೇ ಬೇರೆ.

ಇವರಿಬ್ಬರ ನಡುವೆ ಬಂದ ಎರಡನೆಯವನ ಮೇಲೆ ನನಗೆ ಹೆಚ್ಚು ಕಣ್ಣು. ಎಸ್ಟೋನಿಯಾದ ಯೂರಿ ಲೊಸ್‌ಮಾನ್, ಗೆದ್ದವನಿಗಿಂತ 12.8 ಸೆಕೆಂಡ್ ಹಿಂದೆ. ಆ ವೇಗಕ್ಕೆ ಲೆಕ್ಕ ಹಾಕಿದರೆ ಅರವತ್ತು ಮೀಟರಿನ ಅಂತರ. ಎಸ್ಟೋನಿಯಾ ಎಂದರೆ ಆಗ ಹುಟ್ಟಿ ಎರಡೂವರೆ ವರ್ಷದ ದೇಶ, ಜನಸಂಖ್ಯೆ ಹತ್ತು ಹನ್ನೊಂದು ಲಕ್ಷ. ರಷ್ಯಾದೊಡನೆ ತಾರ್ತು ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಏಳು ತಿಂಗಳೂ ಆಗಿರಲಿಲ್ಲ. ಅಂಥ ಪುಟ್ಟ ದೇಶ ತನ್ನ ಮೊದಲ ಒಲಿಂಪಿಕ್ಸ್‌ನಲ್ಲೇ ಮೂರು ಪದಕ ಗೆದ್ದಿತು: ಭಾರ ಎತ್ತುವುದರಲ್ಲಿ ಆಲ್‌ಫ್ರೆಡ್ ನೊಯ್‌ಲಾಂಡ್ ಚಿನ್ನ, ಆಲ್‌ಫ್ರೆಡ್ ಶ್ಮಿಟ್ ಬೆಳ್ಳಿ, ಮ್ಯಾರಥಾನ್‌ನಲ್ಲಿ ಲೊಸ್‌ಮಾನ್ ಬೆಳ್ಳಿ. ಫಿನ್ಲೆಂಡಿನ ಕತೆಯೂ ಇದಕ್ಕೆ ಹತ್ತಿರವೇ. ಕೊಲೆಹ್ಮಾಯ್ನೆನ್ 1912ರ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದಾಗ ಅವನಿಗಾಗಿ ಏರಿದ್ದು ರಷ್ಯಾದ ಬಾವುಟ. ಅದನ್ನು ನೋಡಿ ಅವನಿಗೆ ಗೆಲುವೇ ಬೇಡವೆನಿಸಿತ್ತಂತೆ. ಎಂಟು ವರ್ಷದ ನಂತರ ಆಂಟ್ವರ್ಪ್‌ನಲ್ಲಿ ಏರಿದ್ದು ಅವನ ಸ್ವಂತ ದೇಶದ ಬಾವುಟ. 1912ರ ಫಿನ್ಲೆಂಡ್ ಇದ್ದ ಜಾಗದಲ್ಲಿ 1920ರ ಭಾರತ ನಿಂತಿತ್ತು: ತಂಡ ನಮ್ಮದು, ಬಾವುಟ ಒಡೆಯರದು.

ಆ ಅರ್ಥದಲ್ಲಿ ಆಂಟ್ವರ್ಪ್‌ನ ಭಾರತ ಒಂದು ಸಣ್ಣ ದೇಶವೇ. ಮೂವತ್ತು ಕೋಟಿ ಜನ, ಆರು ಆಟಗಾರರು. ಎಸ್ಟೋನಿಯಾ ಹನ್ನೊಂದು ಲಕ್ಷಕ್ಕೆ ಹದಿನಾಲ್ಕು ಮಂದಿಯನ್ನು ಕಳಿಸಿತ್ತು. ಪದಕ ಪಟ್ಟಿಯಲ್ಲಿ ಅವರಿಗೆ ಮೂರು, ನಮಗೆ ಸೊನ್ನೆ. ಆದರೆ ಸೊನ್ನೆಯ ಹಿಂದೆ ಏನಿದೆ ಎಂದು ಪದಕ ಪಟ್ಟಿ ಹೇಳುವುದಿಲ್ಲ. ಚೌಗುಲೆಯವರ ಸಮಯವನ್ನು ಇಂದಿನ 42.195 ಕಿಲೋಮೀಟರಿಗೆ ಇಳಿಸಿದರೆ ಸುಮಾರು 2 ಗಂಟೆ 48 ನಿಮಿಷ. ಬೆಂಗಳೂರಿನಲ್ಲಿ ಇಂದು ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವವನಿಗೆ ಓಟಗಾರರ ಗುಂಪಿನಲ್ಲಿ ಸಿಗುವ ಮರ್ಯಾದೆ ಎಂಥದೆಂದು ಬಲ್ಲವರು ಬಲ್ಲರು. ಅವನಿಗೆ ಕಾರ್ಬನ್ ಪ್ಲೇಟಿನ ಶೂ ಇದೆ, ಜೆಲ್ ಇದೆ, ವಾರಕ್ಕೊಂದು ತರಬೇತಿ ಪಟ್ಟಿ ಇದೆ.

ಇಲ್ಲಿ ಇನ್ನೊಂದು ಓಟದ ನೆನಪು ಬರುತ್ತದೆ. ಆಂಟ್ವರ್ಪ್ ಆಗಿ ಹೆಚ್ಚುಕಡಿಮೆ ನೂರು ವರ್ಷಕ್ಕೆ, 2020ರ ಫೆಬ್ರವರಿಯಲ್ಲಿ, ನಮ್ಮ ಓಟವನ್ನು ಜಗತ್ತಿನ ಓಟದ ಪಕ್ಕದಲ್ಲಿಟ್ಟು ನೋಡುವ ಇದೇ ಆಟ ಕರಾವಳಿಯಲ್ಲಿ ಮರುಕಳಿಸಿತು. ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ದೇಶವೇ ಎದ್ದು ಕುಳಿತಿತು. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಕರೆದರು. ಗೌಡರು ಬರಲಿಲ್ಲ. ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಎಂಬ ಅರ್ಥದಲ್ಲಿ ಮಾತಾಡಿ ಸುಮ್ಮನಾದರು. ಆ ಗದ್ದಲದಲ್ಲಿ ತಲೆ ನೆಟ್ಟಗಿದ್ದವರು ಅವರೊಬ್ಬರೇ ಎಂದು ನನ್ನ ಅಭಿಪ್ರಾಯ. ಕೋಣ ಓಡುತ್ತದೆ, ಹಿಡಿದ ಹಗ್ಗ ಮನುಷ್ಯನನ್ನು ಎಳೆಯುತ್ತದೆ. ಕಂಬಳದ ಓಟಗಾರನ ಗಟ್ಟಿತನ ಅಪಾರ, ಆದರೆ ಅದನ್ನು ಬೋಲ್ಟ್‌ನ ಗಡಿಯಾರದಲ್ಲಿ ಅಳೆಯಲಾಗದು.

ದೊರಾಬ್‌ಜಿ ಮಾಡಿದ ಹೋಲಿಕೆ ಹಾಗಲ್ಲ. ಪುಣೆಯ ಹುಡುಗರನ್ನು ಎಳೆಯಲು ಯಾವ ಕೋಣವೂ ಇರಲಿಲ್ಲ. ಮನುಷ್ಯನ ಕಾಲು, ಮೈಲಿಗಟ್ಟಲೆ ದೂರ, ನಿಮಿಷಗಳ ಲೆಕ್ಕ. ಎರಡೂ ಕಡೆ ಅಳತೆ ಒಂದೇ. ಅದಕ್ಕೇ ಅವರ ಊಹೆ ಆಂಟ್ವರ್ಪ್‌ನ ರಸ್ತೆಯಲ್ಲಿ ನಿಂತಿತು. ಮನೆಯಲ್ಲಿ ಗೆದ್ದ ಕುದುರೆ ಹೊರಗೆ ಮುಗ್ಗರಿಸುವುದೇ ಹೆಚ್ಚು. ಇಲ್ಲಿ ಚೌಗುಲೆ ಮುಗ್ಗರಿಸಲಿಲ್ಲ, ಹದಿನಾರು ಮಂದಿಯನ್ನು ಹಿಂದೆ ಹಾಕಿ ಓಟ ಮುಗಿಸಿದರು. ಮುಗಿಸಲಾಗದೆ ದಾರಿಯಲ್ಲೇ ನಿಂತವರು ಇನ್ನು ಹದಿಮೂರು ಮಂದಿ.

ಆಮೇಲಿನದು ಬೇಗ ಹೇಳಿಬಿಡಬಹುದು. 1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕೂಟ ನಡೆಸಿ ಪ್ಯಾರಿಸ್‌ಗೆ ತಂಡ ಆರಿಸಿದರು. ಮದರಾಸಿನ ವೈ.ಎಂ.ಸಿ.ಎ.ಯ ಹ್ಯಾರಿ ಕ್ರೋ ಬಕ್ ತಂಡದ ಮ್ಯಾನೇಜರಾದರು. ಅದೇ ವರ್ಷ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಮುಳುಗುವ ಸ್ಥಿತಿಗೆ ಬಂದಾಗ ದೊರಾಬ್‌ಜಿ ತಮ್ಮ ಸ್ವಂತ ಆಸ್ತಿಯನ್ನೇ ಒತ್ತೆ ಇಟ್ಟು ಸಾಲ ಎತ್ತಿದರು. ಅದರಲ್ಲಿ ಮೆಹೆರ್‌ಬಾಯಿಯವರ ಹೆಸರಾಂತ ಜುಬಿಲಿ ವಜ್ರವೂ ಸೇರಿತ್ತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ಮೊದಲ ಅಧ್ಯಕ್ಷರು ಅವರೇ. ಮರುವರ್ಷ ಆಮ್‌ಸ್ಟರ್‌ಡಾಮ್‌ನಲ್ಲಿ ಹಾಕಿ ಚಿನ್ನ ಬಂತು. ಚಿನ್ನ ಬಂದ ಮೇಲೆ ಯಾರಿಗೆ ಬೇಕು ಹತ್ತೊಂಬತ್ತನೆಯ ಸ್ಥಾನ? 1931ರಲ್ಲಿ ಮೆಹೆರ್‌ಬಾಯಿ, 1932ರಲ್ಲಿ ದೊರಾಬ್‌ಜಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರನ್ನು ನಾವು ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಹೇಳುತ್ತೇವೆ. ತಂದೆ ಕಂಡ ಕನಸನ್ನು 1909ರಲ್ಲಿ ಸ್ಥಾಪನೆಯವರೆಗೆ ತಂದವರು ಅವರು. ಓಟದ ಜೊತೆ ಅವರನ್ನು ನೆನೆಯುವವರು ಕಡಿಮೆ.

ಚೌಗುಲೆಯವರ ಅಂಕಿಗೆ ಸರಿಯಾದ ಬೆಲೆ ಕಟ್ಟಬೇಕಾದರೆ ಮುಂದಿನವರ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಸ್ವತಂತ್ರ ಭಾರತದ ಪರವಾಗಿ ಸೂರತ್ ಸಿಂಗ್ ಮಾಥುರ್ 1952ರ ಹೆಲ್ಸಿಂಕಿಯಲ್ಲಿ ಮ್ಯಾರಥಾನ್ ಮುಗಿಸಿದಾಗ ಸ್ಥಾನ 52. ಶಿವನಾಥ್ ಸಿಂಗ್ ಮಾಂಟ್ರಿಯಲ್‌ನಲ್ಲಿ 11ನೆಯವರಾಗಿ ಚೌಗುಲೆಯವರ ಸ್ಥಾನವನ್ನು ಹಿಂದೆ ಹಾಕಿದ್ದು 1976ರಲ್ಲಿ, ಐವತ್ತಾರು ವರ್ಷಗಳ ನಂತರ. 2016ರ ರಿಯೋದಲ್ಲಿ ಟಿ. ಗೋಪಿ 25ನೆಯವರು, ಖೇತಾ ರಾಮ್ 26ನೆಯವರು. ಇಬ್ಬರೂ ಚೌಗುಲೆಯವರಿಗಿಂತ ಅರ್ಧ ಗಂಟೆಗೂ ಹೆಚ್ಚು ಬೇಗ ಓಡಿದರು, ಅದನ್ನು ಮರೆಯಬಾರದು. ರಿಯೋದಲ್ಲಿ ಹೊರಟವರು ನೂರೈವತ್ತಕ್ಕೂ ಹೆಚ್ಚು, ಅದರಲ್ಲಿ ಕೆನ್ಯಾ, ಇಥಿಯೋಪಿಯಾದವರು ಬೇರೆ. ಹಾಗಾಗಿ ಸ್ಥಾನಕ್ಕೆ ಸ್ಥಾನ ಇಟ್ಟು ತೂಗಿದರೆ ಪೂರ್ತಿ ನ್ಯಾಯವಾಗದು. ಇಷ್ಟಂತೂ ಹೇಳಬಹುದು: ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಮ್ಯಾರಥಾನ್ ನಡೆಸುವವರು, ಟೀಶರ್ಟಿನ ಮೇಲೆ ಹಾಕಲು ಹೆಸರು ಹುಡುಕುತ್ತಿದ್ದರೆ, ಫಡೆಪ್ಪ ಚೌಗುಲೆ ಎಂಬ ಹೆಸರನ್ನು ಪರಿಶೀಲಿಸಲಿ. ಕರ್ನಾಟಕದ ನೆಲದಿಂದ ಹೋಗಿ ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲಿಗರು ಅವರು.